ಒಂದು ಬೆರಳು ಸಡಿಲ

"ಬರೀ ಪ್ಯಾಂಟ್ ಬರ್ತಿತ್ತು, ಇವತ್ತು ಆಳೇ ಬಂದಿದೆ. ಸೂರ್ಯ ಯಾವ ಕಡೆ ಹುಟ್ಟಿದಾನೋ!" ಎನ್ನುತ್ತ ತಂಗಿ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಹೊಲಿಗೆ ಯಂತ್ರದ ಕಡೆಗೆ ಸರಿಸಿದಳು. ಅಣ್ಣ ಕೂರಲಿಲ್ಲ. ದಿನಾ ಶಾಲೆ ಬಸ್ಸು ಓಡಿಸುತ್ತ ಕೂತೇ ಸಾಕಾಗಿದೆ ಎಂದ. ಕೂತರೆ ಅಂಗಿ ಎಡಗಡೆ ಉಬ್ಬುತ್ತದೆ ಎನ್ನಲಿಲ್ಲ.

ಅವನ ಆಪರೇಷನ್ ಆಗಿ ವರ್ಷ ಕಳೆದಿತ್ತು. ಎಲ್ಲರಿಗೂ, ತಂಗಿಗೂ, ಹರ್ನಿಯಾ ಎಂದೇ ಹೇಳಿದ್ದ. ಹರ್ನಿಯಾ ಎಂದರೆ ಜನ ಭಾರ ಎತ್ತಬೇಡ ಅನ್ನುತ್ತಾರೆ. ಮಲ ಹೋಗುವ ಜಾಗದ ಕ್ಯಾನ್ಸರ್ ಎಂದರೆ ಏನನ್ನುತ್ತಾರೋ. ಈಗ ಮಲ ಹೊಟ್ಟೆಯ ಮೇಲೆ ಅಂಟಿಸಿದ ಚೀಲದಲ್ಲಿ ತುಂಬಿಕೊಳ್ಳುತ್ತದೆ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಸೊಂಟ ಸಡಿಲ ಮಾಡಿಸಲು ಪ್ಯಾಂಟುಗಳನ್ನು ಹೆಂಡತಿಯ ಕೈಯಲ್ಲೇ ತಂಗಿಗೆ ಕಳಿಸುತ್ತಿದ್ದ.

ಬೆಳಿಗ್ಗೆ ಡಾಕ್ಟರು ಎಲ್ಲ ಚೆನ್ನಾಗಿದೆ ಎಂದಿದ್ದರು. ಶಾಲೆಯವರು ಡ್ರೈವರುಗಳಿಗೆ ಮಾಡಿಸಿದ ತಪಾಸಣೆಯಲ್ಲಿ ಬೇಗ ಸಿಕ್ಕಿತು, ಬೇರೆ ಕಡೆ ಹರಡಿರಲಿಲ್ಲ, ಅದಕ್ಕೇ ಉಳಿದಿರಿ ಎಂದರು. ಆಮೇಲೆ ಮೊದಲ ಸಲ ಕೇಳಿದ್ದನ್ನೇ ಮತ್ತೆ ಕೇಳಿದರು: ಒಡಹುಟ್ಟಿದವರು ಇದ್ದಾರೆಯೇ, ಇದ್ದರೆ ಅವರಿಗೂ ಪರೀಕ್ಷೆ ಆಗಬೇಕು. ಅವನೂ ಮೊದಲ ಸಲದ ಉತ್ತರವನ್ನೇ ಕೊಟ್ಟ. ಇಲ್ಲ, ನಾನೊಬ್ಬನೇ.

ಜೊತೆಗಿದ್ದ ಹೆಂಡತಿ ಬಸ್ ಸ್ಟಾಪಿನಲ್ಲಿ ಎದುರು ಬಂದು ನಿಂತಳು. ಅಲ್ಲಿ ಒಂದೇ ಮಾತು: "ನಿಮ್ಮ ತಂಗಿ ಮುಖ ಬಿಳಿಚ್ಕೊಂಡಿರೋದು ನಾನು ನೋಡಿದೀನಿ. ನೀವು ಹೇಳ್ತೀರೋ, ನಾನೇ ಹೇಳ್ಲೋ?"

ತಂಗಿ ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದಳು. ಉಗುರುಗಳಲ್ಲಿ ಬಣ್ಣವೇ ಇರಲಿಲ್ಲ. ಹೇಗಿದ್ದೀಯ ಎಂದು ಕೇಳಿದ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ರಕ್ತ ಕಡಿಮೆ ಅಂತ ಮಾತ್ರೆ ಕೊಟ್ಟಿದ್ದಾರೆ ಎಂದಳು. ಹೊಟ್ಟೆಯೂ ಸರಿಯಿಲ್ಲ ಎಂದು ಶುರು ಮಾಡಿ ಉಳಿದದ್ದನ್ನು ನುಂಗಿಕೊಂಡಳು. ತಪಾಸಣೆಗೆ ದೂಡುವವರಿಲ್ಲದಿದ್ದರೆ ಅವನೂ ಹಾಗೇ ನುಂಗಿಕೊಂಡು ತಿರುಗುತ್ತಿದ್ದ.

"ನಿಂತ್ಕೋ, ಅಳತೆ ತಗೋತೀನಿ. ಅತ್ತಿಗೆ ಹೇಳೋ ಅಂದಾಜಿಗೆ ಹೊಲಿದೂ ಹೊಲಿದೂ ಸಾಕಾಯ್ತು." ಟೇಪು ಹಿಡಿದು ಬಂದಾಗ ಅವನ ಕಾಲು ತಾನಾಗಿ ಹಿಂದೆ ಸರಿಯಿತು. ಅವಳು ನಕ್ಕಳು. "ನಾಚ್ಕೆ ನೋಡು, ಹೊಸ ಮದುಮಗ."

"ಅದು ಹರ್ನಿಯಾ ಅಲ್ಲ ಕಣೇ."

ಅವಳ ನಗು ಇನ್ನೂ ಮುಖದಲ್ಲೇ ಇತ್ತು.

"ಕ್ಯಾನ್ಸರು. ಕರುಳಿನ ಕೊನೇಲಿ. ಒಡಹುಟ್ಟಿದವರಿದ್ರೆ ಅವರಿಗೂ ಪರೀಕ್ಷೆ ಆಗ್ಬೇಕು ಅಂತ ಡಾಕ್ಟ್ರು ಹೋದ್ ವರ್ಷಾನೇ ಅಂದಿದ್ರು. ಏನ್ ಕಾಯಿಲೆ ಅಂತ ನಿಂಗೆ ಹೇಳ್ಬೇಕಾಗುತ್ತಲ್ಲ ಅಂತ... ತಂಗೀನೇ ಇಲ್ಲ ಅಂದ್ಬಿಟ್ಟೆ."

ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು. ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ರಕ್ತ ಹೋಗ್ತಿತ್ತಾ ನಿಂಗೆ?" ಅವನ ಮುಖ ನೋಡದೆ ಕೇಳಿದಳು.

"ಹೂಂ."

ಅವಳು ಹೋಗಿ ಬಾಗಿಲಿನ ಪರದೆ ಎಳೆದು ಬಂದಳು. "ನಾಳೆ ಕರ್ಕೊಂಡು ಹೋದ್ರೆ ನಾನು ಯಾರು ಅಂತ ಹೇಳ್ತೀಯ ಅವ್ರಿಗೆ?"

ಅವನು ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದ. ಟೇಪು ಬೆನ್ನಿನ ಸುತ್ತ ಹಾದು ಎಡಗಡೆ ಬಂದಾಗ ಅವಳ ಕೈ ನಿಂತಿತು. ಆಮೇಲೆ, ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ, ಚೀಲಕ್ಕೂ ಟೇಪಿಗೂ ನಡುವೆ ಒಂದು ಬೆರಳು ಇಟ್ಟುಕೊಂಡು, ಎಲ್ಲೂ ಒತ್ತದಂತೆ ಸುತ್ತಿ ತಂದಳು.