ಏರಿನಲ್ಲಿ ಕೆಂಪು ಬಾವುಟ

ಹೊಸ ಡಾಂಬರು ಹಾಲು ಕಾರುತ್ತಿದೆ ಎಂದು ಮೊದಲು ಕಂಡವಳು ಬಾವುಟದಕ್ಕ. ಹಾಲೆಂದರೆ ಹಾಲಲ್ಲ, ಹಾಲಿನ ಬಣ್ಣದ ಕೆಸರುನೀರು. ಕಲ್ಲು ತುಂಬಿದ ಲಾರಿ ಬಿರುಕಿನ ಮೇಲೆ ಹಾದಾಗ ಅದು ಪಿಚಕ್ಕನೆ ಚಿಮ್ಮುತ್ತಿತ್ತು. ಲಾರಿ ದಾಟಿದ ಮೇಲೆ ಬಿರುಕು ಅದೇ ನೀರನ್ನು ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತಿತ್ತು. ರಸ್ತೆ ಉಸಿರಾಡುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ಅವಳ ನಿಜವಾದ ಹೆಸರು ಗ್ಯಾಂಗಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ರಿಪೇರಿಗೆಂದು ಅರ್ಧ ರಸ್ತೆ ಮುಚ್ಚಿ ಉಳಿದರ್ಧದಲ್ಲಿ ಗಾಡಿ ಬಿಡಬೇಕಾದಾಗ, ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ಹಿಡಿದು ನಿಲ್ಲುವವಳು, ಅದಕ್ಕೇ ಬಾವುಟದಕ್ಕ. ಬಾವುಟದ ಕೆಲಸವಿಲ್ಲದ ದಿನ ಎಲ್ಲರಂತೆ ಅವಳೂ ಬಾಣಲಿ ಹೊರುತ್ತಿದ್ದಳು. ರಸ್ತೆಯ ಹೊಟ್ಟೆಯಲ್ಲಿ ಏನೇನಿದೆ ಎಂದು ಅವಳ ನೆತ್ತಿಗೆ ಚೆನ್ನಾಗಿ ಗೊತ್ತಿತ್ತು. ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಸಂದಿಗೆಲ್ಲ ಕಲ್ಲುಪುಡಿ, ನೀರು ಹೊಯ್ದು ರೋಲರ್ ಓಡಿಸಿ ಗಟ್ಟಿ ಮಾಡುವುದು, ಕೊನೆಗೆ ಡಾಂಬರು. ಜನ ನೋಡುವುದು ಡಾಂಬರನ್ನು, ಭಾರ ಹೊರುವುದು ಕೆಳಗಿನದು. ಸಂಸಾರವೂ ಹೀಗೇ ಎಂದು ಗ್ಯಾಂಗಿನ ಮೇಸ್ತ್ರಿ ಆಗಾಗ ತತ್ವ ಹೇಳುತ್ತಿದ್ದ. ಅವನ ಸಂಸಾರದ ಭಾರ ಹೊರುತ್ತಿದ್ದವಳು ಅವನ ಹೆಂಡತಿ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಬಾವುಟದಕ್ಕನ ಗಂಡ ಅದೇ ರಸ್ತೆಯಲ್ಲಿ ಕಲ್ಲುಕ್ವಾರಿಯ ಲಾರಿ ಓಡಿಸುತ್ತಿದ್ದ. ಅವನ ಲಾರಿ ಹೊರಬೇಕಾದ್ದಕ್ಕಿಂತ ಹೆಚ್ಚು ಹೊರುತ್ತಿತ್ತು. ಅವನದೊಂದೇ ಏನು, ಕ್ವಾರಿಯ ಎಲ್ಲ ಲಾರಿಗಳದೂ ಅದೇ ಪಾಡು. ಇವರು ರಸ್ತೆ ಒಡೆಯುವುದು, ಅವಳ ಗ್ಯಾಂಗು ತೇಪೆ ಹಾಕುವುದು. "ಅಪ್ಪ ಹರೀತಾನೆ, ಅಮ್ಮ ಹೊಲೀತಾಳೆ" ಎಂದು ಮಗಳು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಲಾರಿಯ ಭಾರ ಹಂಚಿಕೊಳ್ಳಲೆಂದೇ ನಡುವೆ ಇನ್ನೊಂದು ಜೋಡಿ ಗಾಲಿಯಿತ್ತು. ಖಾಲಿ ಇರುವಾಗ ಅದನ್ನು ಗುಂಡಿಯೊತ್ತಿ ಮೇಲೆತ್ತಬಹುದಿತ್ತು. ಆ ಸೌಕರ್ಯವನ್ನು ಅವನು ಲೋಡಿನಲ್ಲೂ ಬಳಸಿ ಟೈರು ಉಳಿಸುತ್ತಿದ್ದ. ಮೇಲೆತ್ತಿದ ಗಾಲಿಯ ಪಾಲಿನ ಭಾರ ಯಾರ ಮೇಲೆ ಬೀಳುತ್ತದೆ ಎಂದು ಹೆಂಡತಿ ಕೇಳಿದರೆ, ಉಳಿದ ಗಾಲಿಗಳೇನು ಮಾವನ ಮನೆಗೆ ಉಂಡು ಮಲಗಲು ಬಂದಿವೆಯಾ ಎನ್ನುತ್ತಿದ್ದ. ಇಂಥ ಮಾತಿಗೆ ಅವಳೂ ನಕ್ಕುಬಿಡುತ್ತಿದ್ದಳು. ನಗದೆ ಏನು ಮಾಡುವುದು, ಕಟ್ಟಿಕೊಂಡ ಗಂಡ.

ಅವರಿಬ್ಬರ ನಡುವೆ ಇನ್ನೊಂದು ಆಟವೂ ಇತ್ತು. ಅವನ ಲಾರಿ ಅವಳು ಬಾವುಟ ಹಿಡಿದು ನಿಲ್ಲುವ ಏರಿನ ಬುಡಕ್ಕೆ ಬಂದದ್ದೇ ಎರಡು ಸಲ ಹಾರನ್ ಹೊಡೆಯುತ್ತಿತ್ತು. ಅವಳು ಮುಖ ಗಂಟಿಕ್ಕಿಕೊಂಡು ಕೆಂಪು ಬಾವುಟ ಎತ್ತುತ್ತಿದ್ದಳು. ಅವನು ಬ್ರೇಕಿನ ಮೇಲೆ ಕಾಲಿಡದೆ ನೇರ ಅವಳತ್ತಲೇ ಬರುತ್ತಿದ್ದ. ಇನ್ನೇನು ಬಂದೇಬಿಟ್ಟ ಎನ್ನುವಾಗ ಅವಳು ನಕ್ಕು ಹಸಿರು ಬೀಸುತ್ತಿದ್ದಳು. ಹೇಗೂ ಲೋಡಿನ ಗಾಡಿಯನ್ನು ಏರಿನಲ್ಲಿ ನಿಲ್ಲಿಸುವ ಪದ್ಧತಿ ಆ ರಸ್ತೆಯಲ್ಲಿರಲಿಲ್ಲ. ಅಷ್ಟು ಭಾರ ಹೊತ್ತದ್ದು ಒಮ್ಮೆ ನಿಂತರೆ ಮತ್ತೆ ಏಳುವುದಿಲ್ಲ. ಕೆಂಪು ಬಟ್ಟೆಯ ಜೊತೆ ಚೆಲ್ಲಾಟ ಬೇಡ ಎಂದು ಮೇಸ್ತ್ರಿ ಬೈದಿದ್ದ. ಬೈಗುಳ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗಿತ್ತು.

ಆವತ್ತು ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಬಿರುಕು ಕೆಸರು ಉಗುಳುವುದನ್ನು ಅವಳು ತೋರಿಸಿದಾಗ ಮೇಸ್ತ್ರಿ ಹಾರೆ ತಂದು ಅಲ್ಲಲ್ಲಿ ಕುಟ್ಟಿದ. ಒಂದು ಕಡೆ ಟಣ್ ಎನ್ನಬೇಕಾದ ಹಾರೆ, ಖಾಲಿ ಮಡಕೆಗೆ ತಟ್ಟಿದ ಹಾಗೆ ಬೊಳಬೊಳ ಎಂದಿತು. ಮೇಲೆ ಥಳುಕು, ಒಳಗೆ ಹುಳುಕು. ಯಾವ ತತ್ವವನ್ನೂ ಹೇಳದೆ ಅವನು ಇಂಜಿನಿಯರಿಗೆ ಫೋನು ಮಾಡಿದ. ಆತ ಒಂದು ಮಾತನ್ನೂ ಅನುಮಾನಿಸಲಿಲ್ಲ. ಭಾರದ ಗಾಡಿಗಳು ಒತ್ತಿ ಒತ್ತಿ ಕೆಳಗಿನ ಮಣ್ಣೆಲ್ಲ ನೀರಿನ ಜೊತೆ ಹೋಗಿರಬೇಕು, ಎರಡೂ ಕಡೆ ಈಗಲೇ ನಿಲ್ಲಿಸಿ, ನಾನು ಹೊರಟೆ ಎಂದ. ಮೇಲಿನ ತುದಿಯಲ್ಲಿ ತಿರುವು, ಅಲ್ಲಿಂದ ಬಸ್ಸುಗಳು ಬರುತ್ತವೆ. ಮೇಸ್ತ್ರಿ ಖಾಲಿ ಡ್ರಮ್ಮುಗಳನ್ನೂ ಆಳುಗಳನ್ನೂ ಕರೆದುಕೊಂಡು ಅತ್ತ ಓಡಿದ. ಕೆಳಗಿನ ಕಡೆಗೆ ಬಾವುಟದಕ್ಕ ಒಬ್ಬಳೇ.

ಒಬ್ಬಳೇ ಆದ ಮೇಲೆ ಅವಳಿಗೆ ಹೊಳೆಯಿತು. ಬೆಳಗಿನ ಎರಡನೇ ಲೋಡಿನ ಲಾರಿಗಳು ಕ್ವಾರಿಯಿಂದ ಸಾಲಾಗಿ ಹೊರಡುವ ಹೊತ್ತು ಇದೇ. ಸಾಲಿನಲ್ಲಿ ಮೊದಲನೆಯವನು ಯಾವಾಗಲೂ ಅವಳ ಗಂಡ. ಮುಂದಿರದಿದ್ದರೆ ಬೇರೆಯವರ ಧೂಳು ತಿನ್ನಬೇಕು ಎಂದು ಅವನ ಹಟ.

ಅವಳು ಫೋನು ಹಚ್ಚಿದಳು. ಅತ್ತ ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ಗಾಡಿ ಓಡಿಸುವಾಗ ಫೋನು ಮುಟ್ಟಕೂಡದು ಎಂದು ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿದವಳು ಅವಳೇ. ಹೇಳಿದ್ದೊಂದನ್ನೂ ಕೇಳದ ಮನುಷ್ಯ ಅದೊಂದನ್ನು ಮಾತ್ರ ಪಾಲಿಸುತ್ತಿದ್ದ.

ಎಲ್ಲಿ ನಿಲ್ಲುವುದು? ಬಿರುಕಿನಿಂದ ದೂರ, ಸಾಧ್ಯವಾದಷ್ಟು ಕೆಳಗೆ. ಬುಡದವರೆಗೆ ಓಡಲು ಹೊತ್ತಿರಲಿಲ್ಲ. ಏರಿನ ನಡುವೆ ರಸ್ತೆಯಡಿಯಲ್ಲಿ ಹಳೆಯ ಮೋರಿಯೊಂದು ಹಾದುಹೋಗುತ್ತಿತ್ತು. ಗುಡ್ಡದ ನೀರು ಅದರ ಮೂಲಕ ಇನ್ನೊಂದು ಬದಿಯ ಕಮರಿಗೆ ಬೀಳುತ್ತಿತ್ತು. ಮೋರಿಯ ಮೇಲೆ ಎರಡೂ ಬದಿಗೆ ಕಲ್ಲಿನ ಕಟ್ಟೆ. ಕಲ್ಲು ಕಟ್ಟಿದ ಜಾಗ, ಎಂಥ ಭಾರಕ್ಕೂ ಜಗ್ಗದು ಎಂದು ಅವಳ ಅಂದಾಜು. ಕಟ್ಟೆಗಿಂತ ಒಂದಿಷ್ಟು ಮೇಲೆ ರಸ್ತೆಯ ನಟ್ಟನಡುವೆ ನಿಂತುಕೊಂಡಳು. ಅವನು ಕಟ್ಟೆಯ ಹತ್ತಿರ ನಿಂತರೆ ಬಿರುಕಿಗೂ ಅವನಿಗೂ ದೂರ ಉಳಿಯುತ್ತದೆ. ಸಾಕು, ಅಷ್ಟಾದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು.

ಮೊದಲು ಇಂಜಿನ್ನಿನ ನರಳಾಟ ಕೇಳಿತು. ಆಮೇಲೆ ಎರಡು ಹಾರನ್.

ಅವಳು ಕೆಂಪು ಎತ್ತಿದಳು. ಲಾರಿ ಏರಿಗೆ ಮುಖ ಕೊಟ್ಟು ಆಮೆಯಂತೆ ಹತ್ತತೊಡಗಿತು. ನಡುವಿನ ಗಾಲಿಗಳು ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿದ್ದವು, ಉಳಿದವುಗಳ ಟೈರು ಭಾರಕ್ಕೆ ಚಪ್ಪಟೆಯಾಗಿದ್ದವು. ಅವಳು ಬಾವುಟವನ್ನು ಜೋರಾಗಿ ಬೀಸಿದಳು. ಗಾಜಿನ ಹಿಂದೆ ಅವನ ಹಲ್ಲು ಕಾಣಿಸಿದವು. ನಗುತ್ತಿದ್ದ. ಇವತ್ತು ಹೆಂಡತಿ ನಾಟಕ ಚೆನ್ನಾಗಿ ಆಡುತ್ತಿದ್ದಾಳೆ ಎಂದುಕೊಂಡಿರಬೇಕು. ಅವಳು ಕಿರುಚಿದಳು. ಇಂಜಿನ್ನಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಅವನು ತಲೆಯಾಡಿಸುತ್ತ, ಇನ್ನೊಮ್ಮೆ ಹಾರನ್ ಹೊಡೆದು, ನೇರ ಅವಳತ್ತಲೇ ಬರುತ್ತಿದ್ದ. ಅವನ ಹಿಂದೆ ಉಳಿದ ಲಾರಿಗಳೂ ಒಂದರ ಬಾಲ ಇನ್ನೊಂದು ಹಿಡಿದು ಏರು ಹತ್ತುತ್ತಿದ್ದವು.

ಕೆಂಪು ಎತ್ತಿದಷ್ಟೂ ಅವನು ನಗುತ್ತಾನೆ. ಹಸಿರು ಎತ್ತಿದರೆ ಮುಗಿದೇ ಹೋಯಿತು. ಕಟ್ಟಿಕೊಂಡವನನ್ನು ನಿಲ್ಲಿಸಲು ಅವಳ ಹತ್ತಿರ ಒಂದೇ ಒಂದು ಗಂಭೀರವಾದ ಬಾವುಟ ಉಳಿದಿರಲಿಲ್ಲ.

ಅವಳು ಎರಡನ್ನೂ ಕಮರಿಯ ಕಡೆಗೆ ಬಿಸಾಕಿದಳು. ಬಿಸಾಕಿ, ರಸ್ತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಅವನ ನಗು ಅಳಿಸಿಹೋಯಿತು. ಬ್ರೇಕು ಕಿರುಗುಟ್ಟಿತು, ಲಾರಿ ಮುಗ್ಗರಿಸಿ ಕಟ್ಟೆಯ ಪಕ್ಕಕ್ಕೆ ಬಂದು ನಿಂತಿತು. ಸುಟ್ಟ ರಬ್ಬರಿನ ವಾಸನೆ ಅವಳ ಮೂಗಿಗೆ ಹೊಡೆಯಿತು. ಹಿಂದಿನ ಲಾರಿಗಳೂ ಒಂದೊಂದಾಗಿ ನಿಂತು ಹಾರನ್ ಬಾರಿಸತೊಡಗಿದವು. ಅವಳು ಎರಡೂ ಕೈ ಎತ್ತಿ ಅವನಿಗೆ ಸನ್ನೆ ಮಾಡಿದಳು. ಅಲ್ಲೇ ಕೂತಿರಿ, ಇಳೀಬೇಡಿ, ಬ್ರೇಕಿನಿಂದ ಕಾಲು ತೆಗೀಬೇಡಿ. ಇಷ್ಟು ಭಾರದ ಗಾಡಿ ಹಿಂದಕ್ಕೆ ಜಾರಿದರೆ ಹಿಂದಿನವರ ಗತಿಯೇನು ಎಂದು ಅವಳಿಗೆ ಹೊಸ ದಿಗಿಲು.

ಹೆಂಡತಿಯ ಮಾತು ಕೇಳಿ ಕೂರುವ ಜಾತಿಯಲ್ಲ ಅವನದು. ಕೋಪ ಮೂಗಿನ ತುದಿಯಲ್ಲೇ ಇತ್ತು. ಹ್ಯಾಂಡ್‌ಬ್ರೇಕು ಎಳೆದು, ಕೆಳಗೆ ಜಿಗಿದು, ಸೀಟಿನ ಕೆಳಗಿದ್ದ ಮರದ ದಿಮ್ಮಿಯನ್ನು ಹಿಂದಿನ ಗಾಲಿಗೆ ಒದ್ದು ಸಿಕ್ಕಿಸಿ, ದಾಪುಗಾಲು ಹಾಕುತ್ತ ಮೇಲೆ ಬಂದ. ಅವಳ ರಟ್ಟೆ ಹಿಡಿದು ಎಬ್ಬಿಸಿದ.

"ತಲೆ ಕೆಟ್ಟಿದೆಯೇನೇ ನಿಂಗೆ? ಒಂದು ಚೂರು ಹೆಚ್ಚುಕಮ್ಮಿ ಆಗಿದ್ರೆ ನನ್ನ ಕೈಯಾರೆ ನಿನ್ನ ಕೊಂದುಬಿಡ್ತಿದ್ದೆ!"

ಅವಳು ಅವನ ಅಂಗಿ ಹಿಡಿದುಕೊಂಡು ಬಿರುಕಿನವರೆಗೆ ಎಳೆದುಕೊಂಡು ಹೋದಳು. ಕೆಸರು ಉಗುಳಿದ್ದು, ಹಾರೆ ಬೊಳಬೊಳ ಎಂದದ್ದು, ಇಂಜಿನಿಯರ್ ಹೊರಟದ್ದು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಅವನು ಬಿರುಕನ್ನು ನೋಡಿದ. ಕೂದಲೆಳೆಯಷ್ಟು ಅಗಲ. ಬಿಸಿಲಿಗೆ ಅದರ ಸುತ್ತ ಕೆಸರು ಒಣಗಿ ಬಿಳಿ ಕಲೆಯಾಗಿತ್ತು. ಅವನು ಅದರ ಮೇಲೆ ಹತ್ತಿ ಒಂದು ಕಾಲಿನಿಂದ ಕುಟ್ಟಿದ. ಏನೂ ಆಗಲಿಲ್ಲ.

"ಇದಕ್ಕಾ? ದಿನಾ ಇದರ ಮೇಲೇ ಹೋಗ್ತೀನಲ್ಲೇ. ಒಂದು ಸಲ ಜೋರಾಗಿ ಎಳೆದಿದ್ರೆ ಇಷ್ಟೊತ್ತಿಗೆ ಆ ಕಡೆ ಇರ್ತಿದ್ದೆ. ಈಗ ಈ ಹೆಣಭಾರಾನ ಎಬ್ಬಿಸೋದು ನಿಮ್ಮಪ್ಪನಾ?"

ಸತ್ತು ಎಷ್ಟೋ ಕಾಲವಾಗಿದ್ದ ಅಪ್ಪನನ್ನು ಎಳೆದು ತಂದದ್ದಕ್ಕೆ ಬೇರೆ ದಿನವಾಗಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಇವತ್ತು ಅವನು ಬೈಯುವುದನ್ನು ಕೇಳುತ್ತ ನಿಂತಿದ್ದಳು. ಬೈಯಲಿ, ಬೇಕಾದಷ್ಟು ಬೈಯಲಿ. ಬೈಯುವುದಕ್ಕೆ ಬಾಯಿ ಉಳಿದಿದೆಯಲ್ಲ.

ಇಬ್ಬರ ಬೆನ್ನ ಹಿಂದೆ ಏನೋ ಸದ್ದಾಯಿತು. ದೊಡ್ಡ ಸದ್ದಲ್ಲ. ತುಂಬಿದ ಚೀಲವನ್ನು ಯಾರೋ ಬೆನ್ನಿನಿಂದ ಮೆಲ್ಲಗೆ ಇಳಿಸಿದ ಹಾಗೆ. ಮರದ ದಿಮ್ಮಿ ಸಿಡಿದು ರಸ್ತೆಯ ಮೇಲೆ ಉರುಳಿತು. ಇಬ್ಬರೂ ತಿರುಗಿ ನೋಡಿದರು. ಲಾರಿ ನಿಂತಲ್ಲೇ ಕುಳ್ಳಗಾಗುತ್ತಿತ್ತು. ಹಿಂದಿನ ಗಾಲಿಗಳು ಡಾಂಬರಿನೊಳಗೆ ಇಳಿದವು, ಆಮೇಲೆ ಡಾಂಬರೇ ಇಳಿಯಿತು. ಕಲ್ಲಿನ ಕಟ್ಟೆ ಇಡಿಯಾಗಿ ಮಗುಚಿ ಕಮರಿಗೆ ಬಿತ್ತು. ಅದರ ಹಿಂದೆಯೇ ಲಾರಿ ಪಕ್ಕಕ್ಕೆ ವಾಲಿತು, ತಲೆ ಎತ್ತಿತು, ಬೆನ್ನ ಮೇಲಿನ ಕಲ್ಲನ್ನೆಲ್ಲ ಸುರಿಯುತ್ತ ಕೆಳಗೆ ಹೋಯಿತು. ಅವನು ಕೂರುತ್ತಿದ್ದ ಕಡೆಯೇ ಕೆಳಗಾಗಿ ಬಿತ್ತು. ಅದರ ಮೇಲೆ ಕಲ್ಲು ಉರುಳುವುದು ಸುಮಾರು ಹೊತ್ತು ಕೇಳಿಸುತ್ತಿತ್ತು.

ಧೂಳು ಅಡಗಿದಾಗ ಹೊಂಡ ಕಂಡಿತು. ಮೋರಿಯ ಕೊಳವೆ ಎಂದೋ ಒಡೆದು ಹೋಗಿತ್ತು. ಅದರ ಸುತ್ತಲ ಮಣ್ಣು ಮಳೆನೀರಿನಲ್ಲಿ ಕೊಚ್ಚಿಹೋಗಿ, ಒಂದು ಕೋಣೆಯಷ್ಟು ಜಾಗ ಖಾಲಿಯಾಗಿತ್ತು. ಮೇಲೆ ಬಿರುಕಿನಲ್ಲಿ ಉಗುಳುತ್ತಿದ್ದದ್ದು ಎಂಜಲು ಮಾತ್ರ. ನಿಜವಾದ ಹೊಟ್ಟೆ ಇಲ್ಲಿತ್ತು, ಅವಳು ಗಟ್ಟಿಯೆಂದು ಆರಿಸಿಕೊಂಡ ಜಾಗದಲ್ಲಿ. ಓಡುವ ಗಾಡಿಯನ್ನು ಆ ಡಾಂಬರಿನ ತೊಗಲು ಇಷ್ಟು ದಿನ ಹೇಗೋ ತಡೆದುಕೊಂಡಿತ್ತು. ನಿಂತ ಗಾಡಿಯನ್ನು ತಡೆಯಲಾರದೆ ಹೋಯಿತು.

ಅದನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ನಾನು ನಿಲ್ಲಿಸಿದೆ. ನಿಲ್ಲಿಸಿದ್ದಷ್ಟೇ ಅಲ್ಲ, ಇಳಿಯಬೇಡಿ, ಅಲ್ಲೇ ಕೂತಿರಿ ಎಂದು ಎರಡು ಕೈಯಲ್ಲಿ ಬೇಡಿಕೊಂಡೆ. ಒಳ್ಳೆಯ ಗಂಡನಾಗಿದ್ದು ಮಾತು ಕೇಳಿದ್ದರೆ ಈಗ ಆ ಕಲ್ಲುಗಳ ಅಡಿ ಇರುತ್ತಿದ್ದ. ಲಾರಿ ಬರುವ ಮುಂಚೆ ಆಗಿದ್ದ ಭಯ ಈ ಭಯದ ಮುಂದೆ ಏನೂ ಅಲ್ಲ ಎನಿಸಿತು.

ಅವನು ಹೊಂಡವನ್ನು ನೋಡಿದ, ಅವಳನ್ನು ನೋಡಿದ. ಅವಳ ಸನ್ನೆ ಅವನಿಗೂ ನೆನಪಾಗಿತ್ತು, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಹೊಂಡದ ಆಚೆ, ಏರಿನ ಉದ್ದಕ್ಕೂ, ಹಿಂದಿನ ಲಾರಿಗಳು ಕಲ್ಲು ಹೊತ್ತು ಹಾಗೇ ನಿಂತಿದ್ದವು. ಹಾರನ್ ಎಲ್ಲ ನಿಂತು ಹೋಗಿತ್ತು. ಡ್ರೈವರುಗಳು ಬ್ರೇಕಿನ ಮೇಲೆ ಕಾಲಿಟ್ಟು, ಗಾಜಿನ ಹಿಂದೆ ಕಲ್ಲಾಗಿ ಕೂತಿದ್ದರು.

"ಇಳೀರಿ!" ಎಂದು ಅವಳು ಕೂಗಿದಳು. "ಎಲ್ಲರೂ ಇಳೀರಿ, ಗಾಡಿ ಹೋದ್ರೆ ಹೋಗ್ಲಿ!"

ಒಬ್ಬ ಬಾಗಿಲು ತೆರೆದ, ಒಂದು ಕಾಲನ್ನು ಹೊರಗೆ ಹಾಕಿ, ಕೆಳಗೆ ನೋಡಿ, ಹಾಗೇ ತಡೆದ. ಅವಳಿಗೂ ಆ ಡ್ರೈವರಿಗೂ ನಡುವೆ, ಹೊಂಡದ ಈಚೆ ಆಚೆ, ಹೊಚ್ಚ ಹೊಸ ಡಾಂಬರು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಗಂಡ ಅವಳ ಕೈ ಹಿಡಿದುಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಯಾವತ್ತೂ ದಾರಿ ಕೇಳಿದವನಲ್ಲ.

"ನೀನೇ ಹಾಕಿದ ರಸ್ತೆ ಅಲ್ವೇನೇ ಇದು," ಎಂದ ಮೆಲ್ಲಗೆ. "ಎಲ್ಲಿ ಕಾಲಿಡೋಣ ಹೇಳು."

"ನಂಗೊತ್ತಿಲ್ಲ ರೀ," ಎಂದಳು ಬಾವುಟದಕ್ಕ.