ಬಿಟ್ಟುಹೋದ ಒಂದು ಎಲ್

"ಪ್ರಿಂಟ್ ಮಿಸ್ಟೇಕ್ ಕಣಮ್ಮ. ಒಂದು ಎಲ್ ಬಿಟ್ಟೋಗಿದೆ. ಪುಲ್ಡ್ ಅಂತ ತಿದ್ಕೊಳ್ಳಿ ಎಲ್ಲಾರೂ."

ಇಂಗ್ಲಿಷ್ ಲೆಕ್ಚರರ್ ಮೋಹನ್‌ಬಾಬು ಹೇಳಿದ್ದೇ ತಡ, ಚಿಂತಾಮಣಿಯ ಆ ಕಾಲೇಜಿನ ಅರವತ್ತು ಪೆನ್ನುಗಳು ತಿದ್ದಿದವು. ಪಾಠದಲ್ಲಿದ್ದ 'puled' ಪದದ ಅರ್ಥ ಕೇಳಲು ಎದ್ದಿದ್ದ ತನುಶ್ರೀ ಮಾತ್ರ ನಿಂತೇ ಇದ್ದಳು.

"ಮಗು ದಿನವೆಲ್ಲಾ ಎಳೀತು ಅಂದ್ರೆ, ಏನನ್ನ ಎಳೀತು ಸಾರ್?"

ಕ್ಲಾಸು ಗೊಳ್ಳೆಂದಿತು. "ಕೂತ್ಕೊಳಮ್ಮ," ಎಂದ. ಕಿವಿ ಬಿಸಿಯಾಗಿತ್ತು.

ಸ್ಟಾಫ್ ರೂಮಿನ ದಪ್ಪ ನಿಘಂಟು ಅವನ ಮಾನ ಕಳೆಯಿತು. ಪುಸ್ತಕದಲ್ಲಿ ತಪ್ಪೇ ಇರಲಿಲ್ಲ. pule, ಪ್ಯೂಲ್: ಕಾಯಿಲೆಬಿದ್ದ ಮಗುವಿನಂತೆ ಸಣ್ಣಗೆ, ಕ್ಷೀಣವಾಗಿ ಅಳು. ಫ್ರೆಂಚಿನಿಂದ ಬಂದ ಮಾತು. ಮೂಲದಲ್ಲಿ ಕೋಳಿಮರಿಯ ಪಿಯ್ ಪಿಯ್ ಸದ್ದು, ಅಷ್ಟೇ.

"ಇದಕ್ಕೆ ಕನ್ನಡದಲ್ಲಿ ಏನಂತೀರಿ?" ಕನ್ನಡದ ಲೆಕ್ಚರರ್ ಗಂಗರಾಜುವನ್ನು ಕೇಳಿದ.

"ಕುಂಯ್‌ಗುಡೋದು. ಯಾಕ್ ಸಾರ್, ಮನೇಲಿ ಎಲ್ಲಾ ಚೆನ್ನಾಗಿದಾರಾ?"

"ಹೂಂ. ಚೆನ್ನಾಗಿದಾರೆ."

ಸುಳ್ಳು. ಮೂರು ತಿಂಗಳ ಹಿಂದೆ ಹೆಂಡತಿ ಅಲಮೇಲು ಹೆತ್ತ ಮಗು ಅಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಇಬ್ಬರೂ ಅದರ ಮಾತೆತ್ತಿಲ್ಲ. ಬಚ್ಚಲಿನಿಂದ ಆಗಾಗ ಒಂದು ಸದ್ದು ಬರುತ್ತದೆ. ಬಂದಾಗ ಇವನು ಪೇಪರ್ ಮಗುಚುತ್ತಾನೆ.

ಇವತ್ತು ಕೇಳಿಯೇಬಿಡಬೇಕು ಅಂದುಕೊಂಡ. ತನುಶ್ರೀಗೆ ನಾಳೆ ತಪ್ಪೊಪ್ಪಿಕೊಂಡರಾಯಿತು. ಅಲಮೇಲು ಪಕ್ಕದಲ್ಲಿ ಕೂತು, ನನಗೂ ಅಳು ಬರುತ್ತೆ ಕಣೇ, ಅನ್ನಬೇಕು. ಅದಿಲ್ಲದೆ ಆ ಮನೆಯಲ್ಲಿ ಇನ್ನು ಬದುಕಲಾಗದು ಅನಿಸಿತು. ದಾರಿಯುದ್ದಕ್ಕೂ ಆ ಮಾತನ್ನೇ ಉರುಹೊಡೆದ.

ಮೂರೂವರೆಗೆ ಮನೆ. ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ಅದೇ ಸದ್ದು, ಎಳೆಯಷ್ಟು ಸಣ್ಣಗೆ. ಈಗ ಅದರ ಅರ್ಥ ಗೊತ್ತು, ಮೂಲ ಗೊತ್ತು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಉಳಿಯಿತು. ಅವನಿಗೆ ಭಯವಾಯಿತು.

"ಅಲಮೇಲು, ಏನದು ಸದ್ದು?"

ಸದ್ದು ನಿಂತಿತು.

"ನಲ್ಲಿ ಕಣ್ರೀ. ವಾಷರ್ ಹೋಗಿದೆ."

"ಓ. ನಲ್ಲಿಯಾ."

ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಅಲಮೇಲು ಸೆರಗಿನಿಂದ ಮುಖ ಒರೆಸುತ್ತ ಹೊರಬಂದಳು. "ಕಾಫಿ ಇಡ್ತೀನಿ," ಎಂದು ಅಡಿಗೆಮನೆಗೆ ಹೋದಳು.

ಅವನು ಬಚ್ಚಲಿಗೆ ಹೋದ. ನಲ್ಲಿಗೆ ನೀರು ಬಂದು ಆರು ದಿನವಾಗಿತ್ತು. ಕೆಳಗಿಟ್ಟ ಬಕೆಟ್ಟಿನ ತಳ ಒಣಗಿ ಬೆಳ್ಳಗಾಗಿತ್ತು. ಅವನು ನಲ್ಲಿಯನ್ನು ಎರಡೂ ಕೈಯಿಂದ ಹಿಡಿದು, ಬೆರಳು ನೋಯುವಷ್ಟು ಬಿಗಿಯಾಗಿ ತಿರುಗಿಸಿದ.

"ನೋಡು, ಸರಿಹೋಯ್ತು," ಎಂದು ಕೂಗಿ ಹೇಳಿದ.

"ಹೂಂ," ಎಂದಳು ಅಡಿಗೆಮನೆಯಿಂದ.