ತಟ್ಟೆ ಹಂಚುವ ಸರದಿ

ಕಾದ ಎಣ್ಣೆ, ಸಿಡಿದ ಸಾಸಿವೆ, ತಳ ಹಿಡಿದ ದೊಡ್ಡ ಪಾತ್ರೆ. ಅದೇ ವಾಸನೆ. ಬಾಲವಾಡಿಯ ಹೊಸ್ತಿಲ ಮೇಲೆ ಕೂತಿದ್ದ ಲಕ್ಷ್ಮೀದೇವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಐವತ್ತು ವರ್ಷದ ಹಿಂದೆ ಮಾಲೂರಿನ ಕಡೆಯ ಶಾಲೆಯಲ್ಲಿ ಮಧ್ಯಾಹ್ನವಾದರೆ ಹೀಗೇ ಉಪ್ಪಿಟ್ಟು ಘಮ್ಮೆನ್ನುತ್ತಿತ್ತು. ಮಕ್ಕಳೆಲ್ಲ ಸಾಲಾಗಿ ಕೂತು ತಿನ್ನುವಾಗ ಪಟೇಲರ ಮಗಳಾದ ತಾನು ಮಾತ್ರ ಕಿಟಕಿಯ ಹತ್ತಿರ ಒಬ್ಬಳೇ ಮನೆಯ ಡಬ್ಬಿ ಬಿಚ್ಚಬೇಕು. "ಧರ್ಮದ ಊಟ ನಮ್ಮೋರು ತಿನ್ನಾಕಿಲ್ಲ" ಎಂದಿದ್ದರು ಅಪ್ಪ.

ಇವತ್ತೂ ಅವರ ತೊಡೆಯ ಮೇಲೊಂದು ಡಬ್ಬಿಯಿತ್ತು, ಮೊಮ್ಮಗಳಿಗೆ ತುಪ್ಪದನ್ನ. ಪಕ್ಕದ ಚೀಲದಲ್ಲಿ, ಮಗಳು ಸಿಂಧುವಿಗೆ ಹೇಳದೆ ಮಡಿಸಿಟ್ಟ ಮಗುವಿನ ಆರು ಫ್ರಾಕು.

ಎರಡೂವರೆ ವರ್ಷದ ಸಹನಾ ಕಚ್ಚುತ್ತಿದ್ದಳು. ಹೊಸೂರಿನ ಪ್ಲೇಸ್ಕೂಲಿನವರು ಅವಳ ಅಂಗಿಗೆ ಮೂರು ದಿನ ಕೆಂಪು ಮೋರೆಯ ಸ್ಟಿಕ್ಕರ್ ಅಂಟಿಸಿ, ನಾಲ್ಕನೆಯ ದಿನ ಕಾಗದ ಬರೆದು ಶಾಲೆ ಬಿಡಿಸಿದ್ದರು. ಮೊಣಕಾಲೆತ್ತರದ ಕೂಸಿಗೆ ನಡತೆ ಸರಿಯಿಲ್ಲವೆಂಬ ಕಾಗದ! ಅವರ ಇಂಗ್ಲಿಷಿಗಿಷ್ಟು ಬೆಂಕಿ ಹಾಕ. ಅದಕ್ಕಿಂತ ಕೀಳು ಈ ಬಾಲವಾಡಿ. ಸುಣ್ಣ ಉದುರುವ ಗೋಡೆ, ಕನ್ನಡ ತಮಿಳು ತೆಲುಗು ಕಲಸಿ ಚೀರುವ ಹದಿನಾಲ್ಕು ಸಿಂಬಳದ ಮೂಗು. ಕಾರ್ಖಾನೆಯ ಆಫೀಸಿಗೆ ರಜ ಹಾಕಿ ಹಾಕಿ ಸೋತ ಸಿಂಧು ಮೊನ್ನೆ ಒಪ್ಪಿಕೊಂಡಿದ್ದಳು: "ಮೂರ್ ದಿನ ನೋಡಣಮ್ಮ. ಮೂರ್ನೇ ದಿನಾನೂ ಕಚ್ಚಿದ್ರೆ ನೀನೇ ಊರಿಗೆ ಕರ್ಕೊಂಡೋಗು."

ಮೊದಲ ದಿನ ಬಾಲಾಜಿ ಎಂಬ ಪೋರನ ತೋಳು ಕಚ್ಚಿದಳು. ಎರಡನೆಯ ದಿನವೂ ಅವನದೇ. ಆಯಾ ಪಾಪಮ್ಮ ಬೈಯಲಿಲ್ಲ. ಒದ್ದೆ ಬಟ್ಟೆಯನ್ನು ಸಹನಾಳ ಕೈಗೇ ಕೊಟ್ಟು, ಹುಡುಗ ಅಳು ನಿಲ್ಲಿಸುವವರೆಗೆ ಗಾಯಕ್ಕೆ ಒತ್ತಿಸಿದ್ದಳು. ಇದೂ ಒಂದು ವಿದ್ಯೆಯೇ ಎಂದು ಲಕ್ಷ್ಮೀದೇವಮ್ಮ ಮೂಗು ಮುರಿದಿದ್ದರು. ಇವತ್ತು ಮೂರನೆಯ ದಿನ. ಮಾಲೂರಿನ ಬಸ್ಸು ಮೂರು ಗಂಟೆಗೆ.

"ಬಾ ಕಣ್ಣೂ, ತಟ್ಟೆ ಆಕು" ಎಂದು ಪಾಪಮ್ಮ ಸಹನಾಳನ್ನು ಕರೆದಳು.

"ಮನೇಲಿ ಲೋಟ ಎತ್ತಿಡಾಕಿಲ್ಲ ನಮ್ಮಗು. ಇಲ್ಲಿ ನಿಮ್ಗೆ ಆಳಾ ಅವ್ಳು?"

"ಇಲ್ಲಿ ಹೊಸಬ್ರೇ ತಟ್ಟೆ ಆಕೋದು ಕಣಕ್ಕ. ಎಲ್ರ ಮುಂದ್ಲೂ ತಟ್ಟೆ ಬರಗಂಟ ಯಾರೂ ತಿನ್ನಂಗಿಲ್ಲ."

"ಭಾರೀ ಕಾನೂನು!"

"ನೀವೂ ಕೂತ್ಕಳಿ, ನಿಮ್ಗೂ ಕಾನೂನೇ" ಎಂದು ಪಾಪಮ್ಮ ನಕ್ಕಳು.

ಸಹನಾ ಒಂದೊಂದೇ ತಟ್ಟೆ ಎದೆಗವಚಿ ನಡೆದಳು. ಕೊಡುವಾಗ ಮುಖ ನೋಡಲಿಲ್ಲ, ಎಸೆದಳು. ಬಾಲಾಜಿಗೆ ತಡೆಯಲಿಲ್ಲ. ಎದ್ದುಬಂದು ಅವಳ ಕೈಯ ತಟ್ಟೆ ಹಿಡಿದೆಳೆದ. ಅವಳ ಬಾಯಿ ತೆರೆಯಿತು. ಲಕ್ಷ್ಮೀದೇವಮ್ಮನ ಕೈ ಚೀಲದ ಹಿಡಿಕೆಗೆ ಹೋಯಿತು. ಕಚ್ಚು, ಎಂದಿತು ಮನಸ್ಸು, ಕಚ್ಚಿಬಿಡು.

"ಬುಡ್ಲಾ ಬಾಲಾಜಿ, ಅವ್ಳೇ ಕೊಡ್ತಾಳೆ" ಎಂದಳು ಪಾಪಮ್ಮ, ಕೂತಲ್ಲಿಂದಲೇ. "ಕಣ್ಣೂ, ಅವನ್ಗೆ ಅಸಿವು ನೋಡು."

ಹುಡುಗ ಕೈ ಬಿಟ್ಟ. ಅವನ ಕೆಳತುಟಿ ನಡುಗುತ್ತಿತ್ತು. ಸಹನಾ ತೆರೆದ ಬಾಯಿ ತೆರೆದಂತೆಯೇ ಆ ತುಟಿಯನ್ನು ನೋಡಿದಳು. ಬಗ್ಗಿ ಅವನ ತೋಳಿನ ಹಳೆಯ ಗುರುತನ್ನೂ ನೋಡಿದಳು. ಆಮೇಲೆ ತಟ್ಟೆಯನ್ನು ಅವನ ಹೊಟ್ಟೆಗೆ ಒತ್ತಿ, "ತಗೋ" ಎಂದಳು. ಅವನು ಅಲ್ಲೇ ಕುಕ್ಕರಿಸಿದ. ಅವಳು ಅವನ ಪಕ್ಕವೇ ಕೂತಳು.

ಲಕ್ಷ್ಮೀದೇವಮ್ಮ ಹೊರಗೆ ತಿರುಗಿ ಕೂತರು. ರಸ್ತೆಯಲ್ಲಿ ಡೆಂಕಣಿಕೋಟೆಯ ಕಡೆಗೆ ಖಾಲಿ ತರಕಾರಿ ಬುಟ್ಟಿಗಳ ಟೆಂಪೊ ಹೋಯಿತು. ಚೀಲದ ಜಿಪ್ಪು ಅರ್ಧ ತೆರೆದುಕೊಂಡಿತ್ತು, ಎಳೆದು ಮುಚ್ಚಿದರು. ತುಪ್ಪದನ್ನ ಆರಿ ಗಟ್ಟಿಯಾಗಿರಬೇಕು.

ಬೆನ್ನ ಹಿಂದೆ ಪುಟ್ಟ ಹೆಜ್ಜೆಯ ಸಪ್ಪಳ. ಪಾಪಮ್ಮ ಯಾವಾಗ ಬಡಿಸಿಕೊಟ್ಟಳೋ, ಸಹನಾ ಎರಡೂ ಕೈಯಲ್ಲಿ ಒಂದು ತಟ್ಟೆ ಹಿಡಿದು ಬರುತ್ತಿದ್ದಳು. ಟೊಮೆಟೊ ಬಾತಿನ ಮೇಲಿದ್ದ ಮೊಟ್ಟೆ ಅತ್ತಿಂದಿತ್ತ ಉರುಳುತ್ತಿತ್ತು. ಅದು ಬೀಳದಂತೆ ನಾಲಿಗೆ ಕಚ್ಚಿಕೊಂಡು, ಮೊಟ್ಟೆಯನ್ನೇ ನೋಡುತ್ತ, ಹೊಸ್ತಿಲವರೆಗೆ ಬಂದು ನಿಂತಳು.

ಲಕ್ಷ್ಮೀದೇವಮ್ಮ ತೊಡೆಯ ಮೇಲಿನ ಡಬ್ಬಿಯನ್ನು ಕೆಳಗಿಟ್ಟು, ಎರಡೂ ಕೈ ಚಾಚಿದರು.